ಹೋಳಿಗೆಯಿಲ್ಲದ ಯುಗಾದಿ

"ನಿಮಗ ಹೋಳಿಗೆ ಮಾಡಾಕ ಬರತೈತೇನ್ರಿ?"

ಹೆಣ್ಣು ನೋಡಲು ಹರಿಹರಕ್ಕೆ ಬಂದಿದ್ದ ಹಾಲೇಶಪ್ಪ ದ್ರಾಕ್ಷಾಯಣಿಯನ್ನು ಕೇಳಿದ್ದು ಅದೊಂದೇ ಮಾತು. ಅವನಿಗದು ಎರಡನೇ ಸಂಬಂಧ. ಮೊದಲ ಹೆಂಡತಿ ಹೇಗೆ ತೀರಿಹೋದಳೆಂದು ಗಂಡಿನ ಕಡೆಯವರು ಹೇಳಲಿಲ್ಲ, ಹೆಣ್ಣಿನ ಕಡೆಯವರೂ ಕೇಳಲಿಲ್ಲ.

"ಬರತೈತ್ರಿ. ಎಲಿಯಂಗ ತೆಳ್ಳಗ ಮಾಡ್ತೀನಿ," ಅಂದಳು ಹೆಮ್ಮೆಯಿಂದ.

ಅವನ ಮುಖ ಕಪ್ಪಿಟ್ಟಿತು. ಮತ್ತೆ ಅವಳ ಕಡೆ ನೋಡಲೇ ಇಲ್ಲ.

'ನಾನು ಇವರಿಗೆ ಹಿಡಿಸಲಿಲ್ಲ...'

ಆದರೂ ಮದುವೆಯಾಯಿತು. ದಾವಣಗೆರೆ ಹಳೇಪೇಟೆಯ ಆ ಮನೆಯಲ್ಲಿ ಅವನು ಹತ್ತಿ ಅಂಗಡಿಯಿಂದ ಬಂದು, ಉಂಡು, ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಬೈಗುಳವೂ ಇಲ್ಲ, ಪ್ರೀತಿಯ ಮಾತೂ ಇಲ್ಲ. ಯುಗಾದಿ ಮುಗಿಸಿ ತವರಿಗೆ ಹೋದರೆ ಮತ್ತೆ ಬರಬಾರದು... ಅವಳು ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದಳು.

ಹಬ್ಬದ ಹಿಂದಿನ ದಿನ ಅತ್ತೆ ಅನ್ನಪೂರ್ಣಮ್ಮ ಕಡಲೆಬೇಳೆ ತಂದಿಟ್ಟರು.

"ಹೊಸ ಸೊಸಿ ಮಾಡಿದ ಹೋಳಿಗೀನ ದೇವರ ಎಡಿಗೆ ಆಗಬೇಕು."

"ಅವರಿಗೆ ಇಷ್ಟ ಏನ್ರಿ ಅತ್ತಿ?"

"ಅವನು ಹಬ್ಬದ ದಿನ ಮನ್ಯಾಗ ಎಲ್ಲಿರ್ತಾನ? ಹರಿಹರದ ಹೊಳಿ ದಂಡಿಗೆ ಹೋಗಿ ಕೂತಿರ್ತಾನ."

ಯಾಕೆ ಅಂತ ಅತ್ತೆ ಹೇಳಲಿಲ್ಲ. ಹಿತ್ತಲ ಗೋಡೆಯಾಚೆಯ ಖತೀಜಾಬೀ ಹೇಳಿದಳು.

"ನಿಂಗೆ ಗೊತ್ತೇ ಇಲ್ವಾ ಬೇಟಿ? ಹೋದ ವರ್ಷದ ಹಿಂದಿನ ಯುಗಾದಿ. ಹಾಲೇಶಪ್ಪನ ಮೊದಲ ಹೆಂಡ್ತಿ ಹೋಳಿಗೆ ಬೇಯಿಸ್ತಾ ಇದ್ದಳು, ಸೆರಗಿಗೆ ಬೆಂಕಿ ಹತ್ತಿಕೊಳ್ತು. ಇವನು ಬರೀ ಕೈಯಾಗ ಆರಿಸಿದ. ಉಳೀಲಿಲ್ಲ ಪಾಪ... ಬೆಲ್ಲ ಸುಟ್ಟ ಆ ವಾಸನೆ ಇನ್ನೂ ನನ್ನ ಮೂಗಲ್ಲೈತೆ."

ಗಂಡನ ಅಂಗೈಯ ಸುಕ್ಕುಗಟ್ಟಿದ ಕಲೆ! ಹತ್ತಿ ಯಂತ್ರಕ್ಕೆ ಸಿಕ್ಕಿರಬೇಕು ಅಂದುಕೊಂಡಿದ್ದಳು ಅವಳು.

ಬೆಳಗ್ಗೆ ಅವಳು ಬೇಳೆ ಬೇಯಿಸಲಿಲ್ಲ. ಹರಿಹರದ ಹೋಟೆಲಿನಲ್ಲಿ ಸೋದರಮಾವ ಮಾಡುತ್ತಿದ್ದ ಹಾಗೆ, ಅನಾನಸ್ ಹೆಚ್ಚಿ ಹಾಕಿ ಕೇಸರಿಭಾತು ಮಾಡಿದಳು.

ಅನ್ನಪೂರ್ಣಮ್ಮ ಪಾತ್ರೆಯ ಮುಚ್ಚಳ ತೆಗೆದು ನಿಂತೇಬಿಟ್ಟರು.

"ಹೋಟ್ಲು ತಿಂಡಿ ದೇವರ ಮುಂದ ಇಡ್ತೀಯಾ? ಈ ಮನ್ಯಾಗ ಹಬ್ಬ ನಿಲ್ಲಬಾರದು ಅಂತ ಹೋದ ವರ್ಷ ಅದ ಒಲಿ ಮುಂದ ಕೂತು ನಾನ ಹೋಳಿಗೆ ಮಾಡಿದ್ದೆ. ನೀ ಬಂದು ನಿಲ್ಲಿಸ್ತೀಯೇನು?"

"ಹಬ್ಬ ಇರಲಿ ಅತ್ತಿ. ಹೋಳಿಗೆ ಅಷ್ಟ ಬ್ಯಾಡ್ರಿ."

"ಟ್ರಂಕು ಕಟ್ಟು. ನಡಿ ತವರಿಗೆ."

ಹೊಳೆಗೆ ಹೊರಟು ಹೊಸ್ತಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ ಹಾಲೇಶಪ್ಪ ತಿರುಗಿ ನಿಂತ. ಚಪ್ಪಲಿ ಬಿಟ್ಟು ಅಡುಗೆಮನೆ ಬಾಗಿಲಿಗೆ ಬಂದ. ಉಸಿರೆಳೆದು ನೋಡಿದ.

"ಬೆಲ್ಲ ಹಾಕಿಲ್ಲೇನು?"

"ಇಲ್ರಿ... ಸಕ್ಕರಿ."

ಅವನು ಒಳಗೆ ಬಂದು ಕೂತ. "ಅವ್ವ, ಎಡಿ ಇಡು. ಇವತ್ತ ನಾನು ಇಲ್ಲೇ ಉಣ್ತೀನಿ."

ಅನ್ನಪೂರ್ಣಮ್ಮ ದೇವರಿಗೆ ಎಡೆಯಿಟ್ಟು, ಸತ್ತ ಸೊಸೆಯ ಪಟದ ಮುಂದೂ ಒಂದು ಚಮಚ ಇಟ್ಟು, ಸೆರಗನ್ನು ಬಾಯಿಗೊತ್ತಿಕೊಂಡು ಹಿತ್ತಲಿಗೆ ನಡೆದರು.

ಅವನು ಮೊದಲ ತುತ್ತು ತಿಂದ. ಕಣ್ಣು ತುಂಬಿತ್ತು.

"ಅವತ್ತು... ಹೋಳಿಗೆ ಬರಲ್ಲ ಅಂತೀಯೇನೋ ಅಂತ ಆಸೆಯಿಂದ ಕೇಳಿದ್ದೆ."

"ಬರತೈತೆ ಅಂದ ಮ್ಯಾಲೂ ಯಾಕ ಕಟ್ಟಿಕೊಂಡ್ರಿ ಮತ್ತ?"

"ಹೇಳುವಾಗ ನಿನ್ನ ಮುಖದಾಗ ಎಷ್ಟು ಖುಷಿ ಇತ್ತು. ಅಂಥ ಮುಖ ನೋಡಿ ಬಾಳ ದಿನ ಆಗಿತ್ತು."

ಅವಳು ಕಲೆಬಿದ್ದ ಅವನ ಎಡಗೈ ಹಿಡಿದುಕೊಂಡಳು. ಅವನು ಬಿಡಿಸಿಕೊಳ್ಳಲಿಲ್ಲ.

"ಇನ್ನಷ್ಟು ಹಾಕ್ಲೇನ್ರಿ?"

"ಹಾಕು... ಆದ್ರ ಒಲಿ ಹತ್ರ ಹೋಗೋವಾಗ ಸೆರಗು ಬಿಗಿಯಾಗಿ ಸಿಗಿಸಿಕೋ."