ಕೆಂಪಾಗದ ದೀಪ

ಮಹಾನಂದಾಳ ಮಣಿಕಟ್ಟಿನ ಭಾರಮಾಪಕ ಪಟ್ಟಿಯಲ್ಲಿ ಹಸಿರು ದೀಪ ಬೆಳಗುತ್ತಿತ್ತು. ಸಮಾಲೋಚನೆಗೆಂದು ಬಂದು ಎದುರು ಕುಳಿತ ಶರಣವ್ವ ಅದನ್ನೇ ನೋಡುತ್ತ ಬದನೆಕಾಯಿ ಎಣ್ಣೆಗಾಯಿ ಮಾಡುವ ಬಗೆ ಹೇಳುತ್ತಿದ್ದಳು.

ಆಪ್ತಸಮಾಲೋಚನೆ ಕಲಿಯುವ ಮಹಾನಂದಾಳಂಥ ಎಂ.ಎ. ವಿದ್ಯಾರ್ಥಿಗಳು ಎರಡನೆಯ ವರ್ಷದ ಹೊತ್ತಿಗೆ ಬಸವಳಿದು ಓದು ಬಿಡುತ್ತಿದ್ದರು. ಅದಕ್ಕೆಂದೇ ಡಾಕ್ಟರ್ ಇನಾಮದಾರರು ಈ ಪಟ್ಟಿಯನ್ನು ಕಂಡುಹಿಡಿದಿದ್ದರು. ನಾಡಿ, ಬೆವರು, ಉಸಿರು ನೋಡಿ, ಕೇಳುವವರ ಮೇಲೆ ಎಷ್ಟು ದುಃಖ ಬೀಳುತ್ತಿದೆಯೆಂದು ಅದು ಅಳೆಯುತ್ತದೆ. ಮಿತಿ ಮೀರಿದರೆ ದೀಪ ಕೆಂಪಾಗುತ್ತದೆ. ಮಾತು ಅಲ್ಲಿಗೇ ನಿಲ್ಲಬೇಕು. ಹಾಗೆ ನಿಂತ ತಾಸು ತರಬೇತಿಗೆ ಬೇಕಾದ ನೂರು ತಾಸಿನ ಲೆಕ್ಕಕ್ಕೆ ಸೇರುವುದಿಲ್ಲ.

ಈ ನಿಯಮ ಹೊರಗೆ ಬೆಂಚಿನ ಮೇಲೆ ಕಾಯುವವರಿಗೂ ಗೊತ್ತಾಗಿಬಿಟ್ಟಿತ್ತು. ಮೊದಲ ದಿನ ಶರಣವ್ವ ಬಾವಿಗೆ ಬಿದ್ದು ಸತ್ತ ಮಗಳ ಹೆಸರೆತ್ತಿದೊಡನೆ ದೀಪ ಕೆಂಪಾಗಿತ್ತು. ಆಮೇಲೆ ಐದು ವಾರ ಬರೀ ಅಡುಗೆಯ ಮಾತು.

"ಅಕ್ಕಾರ, ಮಗಳ ಸುದ್ದಿ ಹೇಳ್ರಿ."

"ಬ್ಯಾಡವಾ. ನಿನ್ನ ತಾಸು ಹಾಳಾಗತೈತಿ. ನೀನೂ ಯಾರದೋ ಮಗಳು."

"ಹಾಳಾಗ್ಲಿ. ನನಗ ಅಡಗಿ ಕಲಿಸಾಕ ಬಂದೀರೇನು ನೀವು?"

ಶರಣವ್ವ ನಕ್ಕಳು. ಆಮೇಲೆ ಹೇಳತೊಡಗಿದಳು. ಮಗಳು ನೀರಿಗೆ ಹೋಗಲೊಲ್ಲೆ ಅಂದಿದ್ದಳು. ಬೈದು ಕೊಡ ಕೊಟ್ಟು ಕಳಿಸಿದ್ದು ತಾನೇ. ಅರ್ಧ ಹೆಣೆದ ಜಡೆಯಲ್ಲೇ ಹೋಗಿದ್ದಳು. ಒಂದೊಂದು ಮಾತಿಗೂ ನಿಂತು ಶರಣವ್ವ ದೀಪ ನೋಡಿದಳು. ಅದು ಹಸಿರಾಗಿಯೇ ಇತ್ತು. ಆಗ ಅವಳು ಮನಸಾರೆ ಅತ್ತಳು.

ಹೊರಡುವಾಗ ಮಹಾನಂದಾಳ ಗಲ್ಲ ಸವರಿ, "ಎಷ್ಟ ಗಟ್ಟಿ ಆದೆವಾ," ಅಂದಳು.

ಮಹಾನಂದಾ ನೇರ ಇನಾಮದಾರರ ಕೋಣೆಗೆ ಹೋದಳು. "ಸರ್, ಇದು ಕೆಟ್ಟೈತ್ರಿ."

ಅವರು ಪಟ್ಟಿಯನ್ನು ತಮ್ಮ ಕೈಗೆ ಕಟ್ಟಿಕೊಂಡರು. "ಹೆಸರು ಬಿಟ್ಟು ಹೇಳು. ಏನಂದ್ರು?"

ಬಸ್ಸಿನ ವೇಳಾಪಟ್ಟಿ ಓದುವಂತೆ ಅವಳು ಹೇಳಿದಳು. ಜಡೆಯ ಮಾತು ಬಂದಾಗ ದೀಪ ಕೆಂಪಾಯಿತು.

"ಕೆಟ್ಟಿಲ್ಲ," ಎಂದು ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ನಿನ್ನ ಮನಸ್ಸು ಪಳಗ್ಯಾದ. ನಾಳಿಂದ ಕಠಿಣ ಕೇಸ್ ಇದ್ದವರನ್ನೆಲ್ಲಾ ನಿನ್ನ ಕಡೆನ ಕಳಸ್ತೀನಿ."

"ಪಳಗಿಲ್ರಿ ಸರ್. ನನಗ ಏನೂ ಆಗ್ಲೇ ಇಲ್ಲ."

"ಅದನ್ನ ನಾನೂ ಹೇಳೂದು."

ಪಟ್ಟಿಯಲ್ಲಿ ಇದ್ದದ್ದು ಎರಡೇ ಬಣ್ಣ. ಅದನ್ನು ಮತ್ತೆ ಕಟ್ಟಿಕೊಂಡಳು, ಕೂಡಲೇ ಹಸಿರಾಯಿತು.

ಹೊರಗೆ ಬೆಂಚಿನ ಬಳಿ ಶರಣವ್ವ ಹೇಳುತ್ತಿದ್ದಳು: "ಈ ಹುಡುಗಿ ಕಡೆ ಹೋಗ್ರಿ. ಏನ ಹೇಳಿದ್ರೂ ಆಕಿಗೆ ಏನೂ ಆಗೂದಿಲ್ಲ."

ನಾಲ್ಕು ಜನ ಎದ್ದು ನಿಂತರು.