ಚಾಮಲೆಯ ಚರ್ಮ ಬೇಡಿದ ಮಾಂತ್ರಿಕ

ಎಷ್ಟೋ ತಲೆಮಾರುಗಳ ಹಿಂದೆ, ಏಳು ಬೆಟ್ಟಗಳ ಆಚೆ, ಕನ್ನಡಿಕೋಟೆ ಎಂಬ ರಾಜ್ಯವಿತ್ತು. ಅಲ್ಲಿ ಮಾಳವ್ವ ಎಂಬ ಹೆಂಗಸು ಸುಣ್ಣದ ಗೂಡು ನೋಡಿಕೊಳ್ಳುತ್ತಿದ್ದಳು. ಸುಣ್ಣದ ಗೂಡು ಎಂದರೆ ಕಲ್ಲು ಸುಟ್ಟು ಸುಣ್ಣ ಮಾಡುವ ಒಲೆ. ಸುಣ್ಣ ಮೈ ಸುಡುತ್ತದೆ. ಹಾಗಾಗಿ ಸುಟ್ಟ ಚರ್ಮಕ್ಕೆ ಏನು ಮಾಡಬೇಕು, ಏನು ಮಾಡಬಾರದು ಎಂಬುದು ಅವಳಿಗೆ ಗೊತ್ತಿತ್ತು.

ಒಂದು ಬೆಳಿಗ್ಗೆ ಅರಮನೆಯಿಂದ ಕರೆ ಬಂತು. ರಾಜಕುಮಾರಿ ಚಾಮಲೆಯ ಎರಡೂ ಕೈ ಕೆಂಪಾಗಿ ಗುಳ್ಳೆ ಎದ್ದಿದ್ದವು. ಬಿಳಿ ಲೇಪ ಇನ್ನೂ ಅಂಟಿತ್ತು.

"ಇದೇನು ತಾಯಿ ಹಚ್ಚಿಕೊಂಡಿರಿ?"

"ಕೂದಲು ಉದುರಿಸುವ ಲೇಪ. ಪೊರೆಯಯ್ಯ ಕೊಟ್ಟ. ಕೈಮೇಲೆ ರೋಮವಿದ್ದವರು ಅಮಾವಾಸ್ಯೆಗೆ ಕರಡಿಯಾಗುತ್ತಾರಂತೆ! ಅರ್ಧ ಗಳಿಗೆ ಸಾಕು ಅಂದಿದ್ದ. ಹೆಚ್ಚು ಹೊತ್ತಿಟ್ಟರೆ ಹೆಚ್ಚು ನುಣುಪಾಗುತ್ತೆ ಅಂತ ಇಡೀ ಜಾವ ಇಟ್ಟುಕೊಂಡೆ."

ಮಾಳವ್ವನಿಗೆ ಆ ಹೆಸರು ಗೊತ್ತಿತ್ತು. ಪೊರೆಯಯ್ಯ ಮಾಂತ್ರಿಕ, ಅವನಿಗೆ ಸ್ವಂತ ಚರ್ಮವಿರಲಿಲ್ಲ. ಲೇಪ ಹಚ್ಚಿದವರು ಮೂರು ದಿನದೊಳಗೆ ಕೆರೆದುಕೊಂಡರೆ ಅವರ ಚರ್ಮ ಅಂಗಿಯಂತೆ ಕಳಚಿ ಬರುತ್ತಿತ್ತು. ಅದನ್ನು ತೊಟ್ಟು ಅವನು ಅವರೇ ಆಗಿಬಿಡುತ್ತಿದ್ದ. ಅವರು ಬರಿಯ ನೆರಳಾಗಿ ಅಲೆಯುತ್ತಿದ್ದರು. ಮಾಳವ್ವನ ನೆರೆಮನೆಯವಳೇ ಹಾಗೆ ನೆರಳಾಗಿ ಹೋಗಿದ್ದಳು. ಈಗ ಅವನಿಗೆ ಸಿಂಹಾಸನ ಬೇಕಿತ್ತು.

ಅವಳು ಒದ್ದೆ ಬಟ್ಟೆಯಿಂದ, ಉಜ್ಜದೆ, ಲೇಪವನ್ನು ತೆಗೆದಳು. ಬಹಳ ಹೊತ್ತು ತಣ್ಣೀರು ಸುರಿದಳು. ಗುಳ್ಳೆ ಒಡೆಯದಂತೆ ತಣ್ಣನೆಯ ಬಟ್ಟೆ ಹೊದಿಸಿದಳು. ಮೂರು ದಿನ ಕೆರೆದುಕೊಳ್ಳಲೇಬಾರದು ಎಂದಳು.

ಮೊದಲ ದಿನ ಹೊಸ್ತಿಲಲ್ಲಿ ಪೊರೆಯಯ್ಯ ಕಳಿಸಿದ ಹೆಬ್ಬಾವೊಂದು ಹೆಡೆಯಿಲ್ಲದ ತಲೆಯೆತ್ತಿ ಹೇಳಿತು, "ಬಿಸಿನೀರು ತಂದಿದ್ದೇನೆ. ತಿಕ್ಕಿ ತೊಳೆದರೆ ಉರಿ ಹೋಗುತ್ತೆ."

ಮಾಳವ್ವ ಬಾಗಿಲಿಗೆ ಅಡ್ಡ ನಿಂತು, "ಸುಟ್ಟ ಮೈಗೆ ಬಿಸಿನೀರೇ? ನೀನೇ ಮಿಂದುಕೋ ಹೋಗು!" ಎಂದಳು. ಹಾವು ಹೋಯಿತು.

ಎರಡನೆಯ ದಿನ ಕಿಟಕಿಗೆ ಗಿಳಿ ಬಂತು. ಅದರ ಕೊಕ್ಕಿನೊಳಗೆ ಮನುಷ್ಯರ ಹಲ್ಲುಗಳಿದ್ದವು. "ನಿಂಬೆರಸ, ಮಲ್ಲಿಗೆ ಅತ್ತರು ಹಚ್ಚು. ಕಲೆ ಹೋಗುತ್ತೆ."

"ನಿಂಬೆ ಉಪ್ಪಿನಕಾಯಿಗೆ, ಅತ್ತರು ಮದುವೆಗೆ. ಗಾಯಕ್ಕೆ ಎರಡೂ ಬೇಡ!" ಗಿಳಿಯೂ ಹೋಯಿತು.

ಮೂರನೆಯ ದಿನ ಮುದಿ ವೈದ್ಯನ ಚರ್ಮ ತೊಟ್ಟು ಪೊರೆಯಯ್ಯನೇ ಬಾಗಿಲಲ್ಲಿ ನಿಂತ. ಕಾವಲುಗಾರರೆಲ್ಲ ಕಲ್ಲಾದರು. ಅವನು ಒಳಗೆ ಕಾಲಿಡಲಿಲ್ಲ, ಬಾಗಿಲಿಂದಲೇ ನೋಡಿದ. ಅವನು ನೋಡಿದಷ್ಟೂ ಚಾಮಲೆಗೆ ತುರಿಕೆ ಏರಿತು.

"ಮಾಳವ್ವಾ, ಒಂದೇ ಸಲ! ಒಂದೇ ಉಗುರು!"

"ಬೇಡ ತಾಯಿ."

"ಬಿಡೇ! ತಲೆ ತೆಗೆಸುತ್ತೇನೆ!"

"ನಾಳೆ ತೆಗೆಸಿ. ಇವತ್ತು ಬಿಡೋದಿಲ್ಲ."

ಚಾಮಲೆ ಕಿರುಚಿದಳು, ಕಚ್ಚಿದಳು. ಮಾಳವ್ವ ಅಳುತ್ತಲೇ ಆ ಬೆರಳುಗಳನ್ನು ತನ್ನ ಬೆರಳುಗಳಲ್ಲಿ ಬಿಗಿಹಿಡಿದಳು. ಹೊತ್ತು ಮುಳುಗಿತು. ಲೇಪದ ಮಾಯೆ ತೀರಿತು.

ಆಗ ಪೊರೆಯಯ್ಯನ ಹಳೆಯ ಚರ್ಮ ಬಿರುಕುಬಿಟ್ಟಿತು. ಹೊಸದು ಸಿಗದಿದ್ದರೆ ಹಳೆಯದು ಒಣಗುವುದು ಅವನಿಗಿದ್ದ ಶಾಪ. "ಅಯ್ಯೋ, ತುರಿಕೆ!" ಎಂದು ಅವನು ಕೂಗಿದ.

ಮಾಳವ್ವನಿಗೆ ಮರುಕ ಹುಟ್ಟಿತು. "ಕೆರೆಯಬೇಡವೋ! ಇಗೋ, ತಣ್ಣೀರು."

ಅವನು ಕೇಳಲಿಲ್ಲ. ಕೆರೆದ. ಚರ್ಮ ಕಳಚಿ ಬಿತ್ತು. ಒಳಗೆ ಒಂದು ಹಿಡಿ ಹೊಗೆಯಷ್ಟೇ ಇತ್ತು. ಗಾಳಿ ಬಂತು, ಅದೂ ಹೋಯಿತು. ನೆರಳುಗಳಿಗೆಲ್ಲ ಮೈ ಬಂತು. ಕಲ್ಲಾದವರು ಆಕಳಿಸಿದರು.

ವಾರಗಳಲ್ಲಿ ಚಾಮಲೆಯ ಕೈಯ ಗಾಯ ಮಾಯಿತು. ಅಮಾವಾಸ್ಯೆಗಳು ಬಂದು ಹೋದವು, ಯಾರೂ ಕರಡಿಯಾಗಲಿಲ್ಲ. ಅಂದಿನಿಂದ ಕನ್ನಡಿಕೋಟೆಯಲ್ಲಿ ಲೇಪ ಬೇಕೆನ್ನುವವರು ಮೊಣಕೈಯ ಒಳಮಗ್ಗುಲಿಗೆ ಒಂದು ಚುಕ್ಕೆ ಹಚ್ಚಿ, ಉರಿಯುತ್ತದೆಯೇ ಎಂದು ಒಂದು ದಿನ ಕಾದರು. ಬೇಡವೆನ್ನುವವರು ರೋಮದ ಕೈಯಲ್ಲೇ ಹಬ್ಬದೂಟ ಬಡಿಸಿದರು. ಉಂಡವರು, ಬಡಿಸಿದವರು ಎಲ್ಲರೂ ಸುಖವಾಗಿದ್ದರು.