ಯಾರೂ ಹೆಸರೆತ್ತದ ಎಲೆ

“ರೀ, ಅಪ್ಪ ಪಕ್ಕದ್ಮನೆಗೆ ಫೋನ್ ಮಾಡಿದ್ರು. ಸುಮಿತ್ರಂಗೆ ಗಂಡು ಗೊತ್ತಾಯ್ತಂತೆ. ಭಾನುವಾರ ಬರ್ತಾರೆ, ಅಡ್ಡಿಕೆ ತೊಗೊಂಡು ಹೋಗೋಕೆ. ನೀವು ಶನಿವಾರಾನೇ ಲಾಕರ್‌ನಿಂದ ತಂದಿಟ್ಬಿಡಿ,” ಎಂದು ಅಲಮೇಲು ಹುಳಿ ಬಡಿಸುತ್ತ ಹೇಳಿದಾಗ ಸೀತಾರಾಮನ ಕೈಯ ತುತ್ತು ಕೈಯಲ್ಲೇ ಉಳಿಯಿತು. ಆಮೇಲೆ ಅದನ್ನು ನುಂಗಿ, “ಆಗ್ಲಿ,” ಎಂದ. ಹೆಂಡತಿಗೆ ಸುಳ್ಳು ಹೇಳುವುದು ಈಚೆಗೆ ಅವನಿಗೆ ನೀರು ಕುಡಿದಷ್ಟು ಸುಲಭವಾಗಿತ್ತು.

ಕೆಂಪು ಕಲ್ಲಿನ ಆ ಅಡ್ಡಿಕೆ ತೀರಿಹೋದ ಅತ್ತೆಯ ಕೊರಳಿನ ಒಡವೆ. ಕಿರಿಮಗಳು ಸುಮಿತ್ರಾಳ ಮದುವೆಗೆಂದೇ ತೆಗೆದಿಟ್ಟದ್ದು. ಬೆಂಗಳೂರಿನ ಮನೆಗೆ ಒಮ್ಮೆ ಕಳ್ಳ ನುಗ್ಗಿದ ಮೇಲೆ ಮಾವ ನಂಜುಂಡಯ್ಯ ಅದನ್ನು ಬೊಂಬಾಯಿಗೆ ತಂದು, “ನಿನ್ನಂಥ ನಂಬಿಕಸ್ಥ ನಮ್ಮ ಕಡೆ ಇನ್ನೊಬ್ಬನಿಲ್ಲಪ್ಪ,” ಎಂದು ದೊಡ್ಡ ಅಳಿಯನ ಕೈಗಿತ್ತಿದ್ದರು. ಈಗ ಅದು ಬೊರಿವಲಿಯ ಬ್ಯಾಂಕಿನ ಲಾಕರಿನಲ್ಲಿರಲಿಲ್ಲ. ಪರೇಲಿನ ಒಂದು ಚಾಳಿನ ಮಹಡಿಯಲ್ಲಿ, ಗಂಗೂಬಾಯಿಯ ತಗಡಿನ ಪೆಟ್ಟಿಗೆಯಲ್ಲಿತ್ತು.

ಗಂಗೂಬಾಯಿಯದು ಜೋಳದ ರೊಟ್ಟಿಯ ಖಾನಾವಳಿ. ಪರೇಲಿನ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದ ಸೀತಾರಾಮ ಚಳಿಗಾಲದ ಒಂದು ಶನಿವಾರ, ಅರ್ಧ ದಿನದ ಕೆಲಸ ಮುಗಿಸಿ ಅಲ್ಲಿಗೆ ಊಟಕ್ಕೆ ಹೋದವನು, ಉಂಡು ಕೈತೊಳೆದು ಮಹಡಿಯ ಮೆಟ್ಟಿಲನ್ನೂ ಹತ್ತಿದ. ಮೇಲೆ ಇಪ್ಪತ್ತೊಂದರ ಆಟ ನಡೆದಿತ್ತು. ಎರಡು ಕಟ್ಟು ಇಸ್ಪೀಟು ಕಲಸಿ ಒಬ್ಬೊಬ್ಬರಿಗೆ ಎರಡೆರಡು ಎಲೆ ಮುಚ್ಚಿ ಹಾಕುವುದು. ಸಾಲದಿದ್ದವರು ಇನ್ನೊಂದು ಕೇಳುವುದು. ಇಪ್ಪತ್ತೊಂದು ದಾಟಿದರೆ ಸತ್ತ. ರಾಜ, ರಾಣಿ, ಗುಲಾಮ ಎಲ್ಲಕ್ಕೂ ಹತ್ತೇ ಬೆಲೆ. ಇಷ್ಟೇ ಆಗಿದ್ದರೆ ಅವನು ಎಂದೋ ಎದ್ದು ಬರುತ್ತಿದ್ದ. ಹಿಡಿದು ಕೂರಿಸಿದ್ದು ಪಕ್ಕದ ಪಣ. ಎಲೆ ಹಾಕುವ ಮೊದಲು, ಮನಸ್ಸಿದ್ದವರು ಮೇಜಿನ ಮೇಲಿನ ಸೀಮೆಸುಣ್ಣದ ಸಣ್ಣ ವೃತ್ತದಲ್ಲಿ ಬೇರೆಯಾಗಿ ಏನಾದರೂ ಇಡಬಹುದಿತ್ತು. ಮೊದಲ ಎರಡೆಲೆ ಎಂಟಕ್ಕೆ ಎಂಟು, ರಾಣಿಗೆ ರಾಣಿ ಬಿದ್ದರೆ ಅದು ಜೋಡಿ. ಇಟ್ಟದ್ದರ ಹಲವು ಪಟ್ಟು ಕೈಗೆ ಬರುತ್ತಿತ್ತು. ಆಟೀನ್ ಎಂಟಕ್ಕೆ ಆಟೀನ್ ಎಂಟೇ ಬಿದ್ದರೆ ಅದು ಅವಳಿ. ಅವಳಿ ಬಿದ್ದವನು ಆ ಮನೆಯಲ್ಲಿ ತಾನು ಒತ್ತೆಯಿಟ್ಟದ್ದನ್ನೆಲ್ಲ ಬಿಡಿಸಿಕೊಂಡು ಹೋಗಬಹುದು. ಗಂಗೂಬಾಯಿಯ ಗಂಡ ಕಾಂತಪ್ಪ ಬದುಕಿದ್ದಾಗ ಮಾಡಿದ ಕಾನೂನು ಅದು.

ಮೊದಲ ದಿನವೇ ಸೀತಾರಾಮನಿಗೆ ಜೋಡಿ ಬಿತ್ತು. ಅದೇ ಅವನ ಗ್ರಹಚಾರ. ಆಮೇಲೆ ಸಂಬಳ ಹೋಯಿತು, ಹೋದದ್ದನ್ನು ತರಲು ಅಡ್ಡಿಕೆಯೂ ಒತ್ತೆ ಹೋಯಿತು. ಅದನ್ನು ಮರಳಿ ಕೊಡೆಂದು, ಕಾಲಿಗೆ ಬೀಳುವುದೊಂದು ಬಾಕಿ, ಅಷ್ಟು ಬೇಡಿಕೊಂಡಿದ್ದ. ಗಂಗೂಬಾಯಿ ಅಡಿಕೆ ಕತ್ತರಿಸುತ್ತ, “ಆಟದಾಗ ಹ್ವಾದದ್ದು ಆಟದಾಗ ಬರಬೇಕ್ರೀ ಸಾಹೇಬ್ರ. ನಾ ಏನ್ ನಿಮ್ಮ ಕೈ ಹಿಡದು ಆಡ್ಸೇನೇನು?” ಎಂದು ನಕ್ಕಿದ್ದಳು. ಆಡಿಸಿದ್ದಳು. ರೊಟ್ಟಿಗೆ ಬೆಣ್ಣೆ ಹಾಕುವಷ್ಟೇ ಅಕ್ಕರೆಯಿಂದ ಆಡಿಸಿದ್ದಳು. ಬೊರಿವಲಿ ಸ್ಟೇಶನ್ನಿನಲ್ಲಿ ಹಳಿ ನೋಡುತ್ತ ನಿಂತಾಗ ಸೀತಾರಾಮನಿಗೆ ಬೇರೆ ಯೋಚನೆಯೂ ಬಂದಿತ್ತು. ಅಷ್ಟು ಧೈರ್ಯ ತನಗಿಲ್ಲವೆಂದು ಅವನಿಗೇ ಗೊತ್ತಿತ್ತು. ಸರಿ, ಆಟದಲ್ಲೇ ತರುತ್ತೇನೆ ಎಂದುಕೊಂಡ.

ಗಂಗೂಬಾಯಿಯ ಮನೆಯ ಎಲೆಗಳ ಬೆನ್ನು ನೀಲಿ, ನಡುವೆ ಬಿಳಿ ಹಂಸ. ಅಂಥದ್ದೇ ಎರಡು ಕಟ್ಟನ್ನು ಪರೇಲಿನಲ್ಲಿ ಕೊಂಡರೆ ಸುದ್ದಿಯಾದೀತೆಂದು ಕಾಂದಿವಲಿಯಲ್ಲಿ ಇಳಿದು ಕೊಂಡ. ಎರಡರಿಂದಲೂ ಒಂದೇ ಎಲೆಯನ್ನು ತೆಗೆದು ಮಿಕ್ಕದ್ದನ್ನು ಗಟಾರಕ್ಕೆ ಎಸೆದ. ತೆಗೆದವುಗಳಿಗೆ ಬೆರಳ ತುದಿಯಿಂದ ಕೊಬ್ಬರಿ ಎಣ್ಣೆ, ಮೇಲೆ ಧೂಳು ಸವರಿ, ಶರಟಿನ ಜೇಬಿನಲ್ಲಿಟ್ಟು ಲೋಕಲ್‌ನಲ್ಲಿ ಓಡಾಡಿ ಹಳತು ಮಾಡಿದ. ಕರವಸ್ತ್ರದಡಿ ಎಲೆ ಬದಲಿಸುವುದನ್ನೂ ಲೋಕಲ್‌ನಲ್ಲೇ, ರೈಲಿನ ಪಾಸು ಹಿಡಿದು ಕಲಿತ. ಆ ನೂಕುನುಗ್ಗಲಿನಲ್ಲಿ ಯಾರು ಯಾರ ಕೈ ನೋಡುತ್ತಾರೆ? ಮೇ ತಿಂಗಳ ಬೊಂಬಾಯಿಯಲ್ಲಿ ಪದೇ ಪದೇ ಬೆವರೊರೆಸಿಕೊಳ್ಳುವವನ ಮೇಲೆ ಯಾರಿಗೆ ಅನುಮಾನ?

ಎಲ್ಲಕ್ಕಿಂತ ಹೆಚ್ಚು ತಲೆ ಓಡಿಸಿದ್ದು ಯಾವ ಎಲೆ ಎಂಬುದಕ್ಕೆ. ಎಕ್ಕ ಬಿದ್ದರೆ ಜನ ಕುಣಿಯುತ್ತಾರೆ. ರಾಣಿಯರಿಗೆ ಮುತ್ತಿಡುವವರಿದ್ದಾರೆ. ಐದು, ಆರು ಬಿದ್ದರೆ ಲೆಕ್ಕ ಕೆಟ್ಟಿತೆಂದು ಬೈಯುತ್ತಾರೆ. ಹೀಗೆ ನೆನಪಿನಲ್ಲಿ ಉಳಿಯುವ ಎಲೆ ಕೂಡದು. ಯಾರ ಬಾಯಲ್ಲೂ ಬರದ ಎಲೆ ಬೇಕು. ಯೋಚಿಸಿದಂತೆ ಅವನಿಗೆ ಹೊಳೆಯಿತು: ಕಳಾವರ್ ಗುಲಾಮ! ಇಷ್ಟು ಶನಿವಾರ ಕೂತರೂ ಯಾರೊಬ್ಬರೂ ಅದನ್ನು ಮೇಜಿಗೆ ಕುಟ್ಟಿದ್ದು, ಅದರ ಹೆಸರು ಕೂಗಿದ್ದು ಅವನಿಗೆ ನೆನಪಿರಲಿಲ್ಲ. ಹತ್ತರ ಬೆಲೆಯ ಹಲವು ಎಲೆಗಳಲ್ಲಿ ಅದೂ ಒಂದು, ಅಷ್ಟೇ. ಕಚೇರಿಯಲ್ಲಿ ತಾನಿದ್ದ ಹಾಗೆಯೇ, ಇದ್ದರೂ ಇಲ್ಲದಿದ್ದರೂ ಒಂದೇ ಎನ್ನಿಸಿ ಸೀತಾರಾಮನಿಗೆ ಆ ಗುಲಾಮನ ಮೇಲೆ ಪ್ರೀತಿಯೇ ಬಂತು.

ಒಂದೇ ಅಪಾಯವಿತ್ತು. ಕಟ್ಟಿನೊಳಗಿನ ನಿಜವಾದ ಗುಲಾಮ ಅದೇ ಆಟದಲ್ಲಿ ಇನ್ನೊಬ್ಬನ ಕೈಗೆ ಬಂದರೆ ಕತೆ ಮುಗಿಯಿತು. ಅದಕ್ಕೆಂದೇ ಹಿಂದಿನ ಶನಿವಾರ ಸುಮ್ಮನೆ ಕೂತು, ಆ ಎಲೆಯೊಂದರ ಮೇಲೇ ಕಣ್ಣಿಟ್ಟು ನೋಡಿದ್ದ. ಮಧ್ಯಾಹ್ನವಿಡೀ ಅದು ಬರಲೇ ಇಲ್ಲ. ಎಲೆ ಹಾಕುವ ಧರ್ಮಣ್ಣ ಕಟ್ಟು ಪೂರ್ತಿ ಮುಗಿಸದೆ ನಡುವೆಯೇ ಮತ್ತೆ ಕಲಸುತ್ತಿದ್ದ, ಹಾಗಾಗಿ ಇರಬೇಕು. ಸೀತಾರಾಮನಿಗೆ ದೇವರೇ ದಾರಿ ಬಿಟ್ಟುಕೊಡುತ್ತಿದ್ದಾನೆ ಅನ್ನಿಸಿತು.

ಶನಿವಾರ ಮಧ್ಯಾಹ್ನ ಅವನು ಊಟವನ್ನೂ ಮಾಡದೆ ಮಹಡಿ ಹತ್ತಿದ. ಗೋಡೆಯಲ್ಲಿ ಗಂಧದ ಹಾರ ಹಾಕಿದ ಕಾಂತಪ್ಪನ ಫೋಟೊ. ಗಿರಣಿ ಮುಷ್ಕರದ ವರ್ಷ ಕೆಲಸ ಹೋಗಿ, ಇದೇ ಮೇಜಿನಲ್ಲಿ ಆಡುತ್ತ ಕೂತಲ್ಲೇ ಪ್ರಾಣ ಬಿಟ್ಟವನಂತೆ. ಫೋಟೊದ ಕೆಳಗೆ ಹಲಗೆಯ ಮೇಲೆ ದೀಪ, ಒತ್ತೆಯ ತಗಡಿನ ಪೆಟ್ಟಿಗೆ, ಪಕ್ಕದಲ್ಲಿ ಕೆಂಪು ದಾರ ಸುತ್ತಿದ ಹಳೆಯ ಇಸ್ಪೀಟಿನ ಸಣ್ಣ ಕಂತೆ. ಅಂದು ಎರಡು ಕಟ್ಟಿನಲ್ಲಿ ಒಂದರ ಬದಲು ಹೊಸದು ಬಂದಿತ್ತು. ಧರ್ಮಣ್ಣ ಎಂದಿನಂತೆ ಅದನ್ನು ಮೊದಲು ತನ್ನ ಅಕ್ಕ ಗಂಗೂಬಾಯಿಯ ಕೈಗೆ ಕೊಟ್ಟ. ಆಕೆ ಗಂಡನ ಫೋಟೊದ ಕಡೆ ತಿರುಗಿ ನಿಂತು ಏನೋ ಮಾಡಿ, ಕೈಮುಗಿದು, ಹಿಂದಿರುಗಿಸಿದಳು. ಜೂಜಿಗೂ ಒಂದು ಪೂಜೆ ಎಂದು ಸೀತಾರಾಮ ಒಳಗೇ ನಕ್ಕ.

“ಇವತ್ತ ಏನ್ ಇಡ್ತೀರಿ ಸಾಹೇಬ್ರ?” ಎಂದ ಧರ್ಮಣ್ಣ.

ಸೀತಾರಾಮ ಮದುವೆಯಲ್ಲಿ ಮಾವ ಕೊಟ್ಟ ಕೈಗಡಿಯಾರವನ್ನು ಬಿಚ್ಚಿ ಸೀಮೆಸುಣ್ಣದ ವೃತ್ತದಲ್ಲಿಟ್ಟ. ಪಕ್ಕದಲ್ಲಿದ್ದ ಉಡುಪಿ ಹೋಟೆಲಿನ ಕೊರಗಪ್ಪ, “ಬೇಡ ಮಾರಾಯ್ರೆ, ಅದಾದ್ರೂ ಕೈಯಲ್ಲಿ ಇರ್ಲಿ,” ಎಂದ. ಸೀತಾರಾಮ ಕೇಳಿಸಿಕೊಳ್ಳಲಿಲ್ಲ. ಎಲೆಗಳು ಬಂದವು. ಅವನಿಗೆ ಒಂಬತ್ತು, ಮೂರು. ಹಣೆಯೊರೆಸಿಕೊಂಡು ಕರವಸ್ತ್ರವನ್ನು ಮೇಜಿನಂಚಿಗೆ ತಂದ. ಒಂಬತ್ತು, ಮೂರು ಕರವಸ್ತ್ರದೊಳಗೆ ಹೋದವು. ಗುಲಾಮರಿಬ್ಬರು ಅವುಗಳ ಜಾಗದಲ್ಲಿ ಮಲಗಿದರು. ಯಾರೂ ನೋಡಲಿಲ್ಲ. ಮಿಕ್ಕವರು ತಮ್ಮ ಎಲೆ ತೋರಿಸುವವರೆಗೂ ಕಾದ. ಯಾರ ಬಳಿಯೂ ಕಳಾವರ್ ಗುಲಾಮ ಇರಲಿಲ್ಲ. ಆಗ ತನ್ನೆರಡನ್ನು ಒಂದೊಂದಾಗಿ ತಿರುಗಿಸಿದ.

“ಅವಳಿ,” ಎಂದ.

ಕೊರಗಪ್ಪ ಬೀಡಿಯನ್ನು ಬಾಯಿಂದ ತೆಗೆದವನು ಹಾಗೇ ಕೂತ. ಧರ್ಮಣ್ಣ ಎಲೆಗಳನ್ನು ನೋಡಿದ, ಸೀತಾರಾಮನನ್ನು ನೋಡಿದ, ಮತ್ತೆ ಎಲೆಗಳನ್ನು ನೋಡಿದ. ಸೋತವರ ಹೊಟ್ಟೆಯುರಿ ಇದು, ಇರಲಿ ಎಂದುಕೊಂಡ ಸೀತಾರಾಮ. ನಾಳೆ ಮಾವನ ಮುಂದೆ ಅಡ್ಡಿಕೆಯ ಡಬ್ಬಿ ಇಡುವ ಚಿತ್ರ ಕಣ್ಣಿಗೆ ಕಟ್ಟಿ ಅವನಿಗೆ ಅಳು ಬರುವಂತಾಯಿತು. ಇನ್ನು ಈ ಮೆಟ್ಟಿಲು ಹತ್ತಿದರೆ ಕೇಳು ಎಂದು ತನಗೆ ತಾನೇ ಆಣೆಯಿಟ್ಟುಕೊಂಡ. ಗಂಗೂಬಾಯಿ ಅಡಕತ್ತರಿ ಕೆಳಗಿಟ್ಟು ಎದ್ದಳು. ಸೆರಗು ಹೊದ್ದು, ನಿಧಾನವಾಗಿ ಗಂಡನ ಫೋಟೊದ ಕಡೆ ನಡೆದಳು. ಪೆಟ್ಟಿಗೆ ತರುತ್ತಿದ್ದಾಳೆ.

ಆದರೆ ಆಕೆ ಪೆಟ್ಟಿಗೆ ಮುಟ್ಟಲಿಲ್ಲ. ಕೆಂಪು ದಾರದ ಕಂತೆ ತಂದು ಸೀತಾರಾಮನ ಮುಂದೆ ಇಟ್ಟಳು. “ನಮ್ಮನಿಯವ್ರು ಜೀವಾ ಬಿಟ್ಟಾಗ ಕೈಯಾಗ ಒಂದ ಎಲಿ ಇತ್ತ್ರೀ ಸಾಹೇಬ್ರ. ಮುಷ್ಟಿ ಬಿಡಿಸಿ ತಗೀಬೇಕಾತು. ಅವತ್ತಿಂದ ಈ ಮನಿಗೆ ಯಾವ ಕಟ್ಟ ಬರ್ಲಿ, ಆ ಎಲಿ ಮೊದಲ ಅವರಿಗಿ. ಅದು ಇಲ್ಲೆ ಆಟಕ್ಕ ಬಂದ ಐದ ವರ್ಷ ಆತು. ಎಲ್ಲಾರಿಗೂ ಗೊತ್ತೈತಿ, ನಿಮಗ ಯಾರೂ ಹೇಳಿಲ್ಲೇನು?” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅಳು ಇತ್ತು. ಹಿಂದೆ ಧರ್ಮಣ್ಣ ಬಾಗಿಲ ಚಿಲಕ ಹಾಕಿದ ಸದ್ದಾಯಿತು. ಗಂಗೂಬಾಯಿ ದಾರ ಬಿಚ್ಚಿ, ಅವನ ಎರಡೆಲೆಗಳ ಪಕ್ಕದಲ್ಲಿ ಒಂದೊಂದೇ ಎಲೆ ಹಾಕುತ್ತ ಹೋದಳು. ಕುಂಕುಮ ಹಚ್ಚಿದವು, ಅಂಚು ಹಳದಿಯಾದವು, ಇವತ್ತಷ್ಟೇ ಹೊಸ ಕಟ್ಟಿನಿಂದ ತೆಗೆದದ್ದೊಂದು. ಎಲ್ಲವೂ ಕಳಾವರ್ ಗುಲಾಮ.